ಯಜಮಾನರ ಇಂಜಿನ್ನಿನ ಆಯುಷ್ಯ

ಹೊಸದುರ್ಗದ ಪರಮೇಶಪ್ಪನವರು ಬೈಕಿಗೆ ಕಿಕ್ ಹೊಡೆದರೆ ಬೀದಿ ನಾಯಿಗಳೆಲ್ಲ ದಿಕ್ಕಾಪಾಲು. ಹಾಗೆ ಎಕ್ಸಿಲರೇಟರ್ ತಿರುವುತ್ತಿದ್ದರು. ಆಯಿಲ್ ಬದಲಿಸಿ ಎಂದರೆ ಮಾತ್ರ ಅವರ ಕಿವಿಗೆ ಬೀಳದು. ಇಂಜಿನ್ ಮತ್ತೆ ಕೆಟ್ಟು ಕೂತಿತು. ಮೆಕ್ಯಾನಿಕ್ ದಾದಾಪೀರ್ ಹೊಸ ಪಿಸ್ಟನ್ ಹಾಕಿ ಓಡುವಂತೆ ಮಾಡಿದ. ಅವನ ಗ್ಯಾರೇಜಿದ್ದ ಮಳಿಗೆಯೂ ಪರಮೇಶಪ್ಪನವರದೇ.

“ನಾನಿರೋವರೆಗೂ ಈ ಇಂಜಿನ್ ನಿಲ್ಲಕೂಡದು! ಎಲ್ಲರ ಮುಂದೆ ಗ್ಯಾರಂಟಿ ಕೊಡು. ಇಲ್ಲಾಂದ್ರೆ ನಾಳೆನೇ ಮಳಿಗೆ ಖಾಲಿ ಮಾಡು!”

ಜನ ಸೇರಿತು. ದಾದಾಪೀರ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

“ಕೊಟ್ಟೆ ಯಜಮಾನ್ರೇ! ನಿಮ್ಮ ಉಸಿರಿರೋವರೆಗೂ ಇದು ನಿಲ್ಲಲ್ಲ. ಇದು ನಿಲ್ತು ಅಂದ್ರೆ...” ಎಂದವನು ಉಳಿದ ಮಾತು ನುಂಗಿ ಆಕಾಶ ನೋಡಿದ.

ಎದುರಿನ ಹೂವಿನಂಗಡಿ ಗಂಗಕ್ಕನಿಗೆ ಥಟ್ಟನೆ ಹೊಳೆಯಿತು. “ಅಯ್ಯೋ, ಹಂಗಾದ್ರೆ ಯಜಮಾನ್ರ ಗಾಡಿ ನಿಂತ ಸುದ್ದಿ ಬಂದ ತಕ್ಷಣ ನಾನು ದೊಡ್ಡ ಹಾರ ಕಟ್ಟಕ್ಕೆ ಕೂರ್ಬೇಕಾ?”

ಜನ ಹೋ ಎಂದಿತು. ಪರಮೇಶಪ್ಪನವರು ಬೆವತುಹೋದರು. “ಲೇ, ಗ್ಯಾರಂಟಿ ವಾಪಸ್ ತಗೊಳ್ಳೋ!”

“ಇಷ್ಟು ಜನ ಕೇಳಿಸ್ಕೊಂಡಾಯ್ತಲ್ಲ, ಹೆಂಗೆ ತಗೊಳ್ಳಲಿ? ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿ. ತಣ್ಣಗಿರೋ ಇಂಜಿನ್ನಿಗೆ ರೇಸ್ ಕೊಡಬೇಡಿ. ಇಬ್ಬರೂ ಗಟ್ಟಿಯಾಗಿರ್ತೀರಿ!”

ಈಗ ಪರಮೇಶಪ್ಪನವರು ಬೈಕ್ ಶುರು ಮಾಡಿ, ಅದು ಬಿಸಿಯಾಗುವ ತನಕ ಪಕ್ಕದಲ್ಲೇ ಕೈಕಟ್ಟಿ ನಿಲ್ಲುತ್ತಾರೆ. ಮಳಿಗೆ ಖಾಲಿ ಮಾಡಿಸುವ ಮಾತು ಎಲ್ಲಿಂದ ಬರಬೇಕು? ದಾದಾಪೀರ್ ಒಂದು ದಿನ ಬಾಗಿಲು ತೆಗೆಯದಿದ್ದರೆ ಅವನ ಮನೆಗೇ ಓಡಿಹೋಗಿ ಕೇಳುತ್ತಾರೆ: “ದಾದಾಪೀರಪ್ಪಾ, ನೀನು ಆರೋಗ್ಯವಾಗಿದೀಯ ತಾನೇ?”