ಹೊಸ್ತಿಲು ದಾಟಿ ಬಂದ ಕಡಲು

ಇದು ನಡೆದದ್ದೇ ಮಗಾ. ಸುಳ್ಳಾದ್ರೆ ನಾಳೆಯಿಂದ ನನ್ನ ಬಲೆಗೆ ಬರೀ ಮುಳ್ಳು ಬೀಳ್ಲಿ. ಕಾಲು ಒದರ್ಬೇಡ, ಸುಮ್ನೆ ಮಲಕ್ಕೊಂಡು ಕೇಳು.

ಒಂದು ಕಾಲದಲ್ಲಿ, ಬಾಳ ಹಿಂದೆ ಅಲ್ಲ, ನಿನ್ನಪ್ಪ ತೊಟ್ಟಿಲಲ್ಲಿ ಉಚ್ಚೆ ಹೊಯ್ಕೊಳ್ತಿದ್ದ ಕಾಲದಲ್ಲಿ, ಕಡಲ ದಂಡೇಲಿ ಕುಪ್ಪಮ್ಮ ಅಂತ ಮುದುಕಿ ಇದ್ಲು, ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಗಂಡುಮಕ್ಕಳಲ್ಲಿ ಕಿರಿಯವ, ಚಂದದವ, ಗಟ್ಟಿಗ, ನಾನೇ. ಆ ಮನೆಗೊಂದು ಕಟ್ಟು. ನಮ್ಮ ದೋಣಿ ಕಡಲಿಗಿಳಿದ್ರೆ, ತಿರುಗಿ ದಡ ಮುಟ್ಟೋವರೆಗೆ ಸೊಸೆಯರು ಹೊಸ್ತಿಲು ದಾಟಬಾರದು. ದಾಟಿದ್ರೆ ದೋಣಿ ಮಗುಚ್ತದೆ. ಮೊದಲು ಅದೇನು ಕಷ್ಟ ಅಲ್ಲ, ಬೆಳಿಗ್ಗೆ ಹೋದವರು ಸಂಜೆಗೆ ಬರ್ತಿದ್ವಿ. ಆಮೇಲೆ ಕಡಲು ಬಿಸಿಯಾಯ್ತು. ಗಂಜಿತೆಳಿ ಹಾಗೆ ಬಿಸಿ ಮಾರಾಯ್ತಿ, ನಾನು ಕೈಯದ್ದಿ ನೋಡಿದವ. ಬಂಗುಡೆ ಮೀನು ತಂಪು ಹುಡುಕ್ಕೊಂಡು ದೂರ ಓಡಿದ್ವು, ಅದರ ಹಿಂದೆ ನಾವು ವಾರಗಟ್ಟಲೆ ಓಡಿದ್ವಿ, ಸೊಸೆಯರು ವಾರಗಟ್ಟಲೆ ಒಳಗೇ ಕೂತ್ರು. ಕಟ್ಟು ಮಾತ್ರ ಸಡಿಲ ಆಗ್ಲಿಲ್ಲ.

ಆಮೇಲೆ ದೀಪಾವಳಿ ಮುಗಿದು ಕಡಲು ಮಲಗೋ ಹೊತ್ತಲ್ಲಿ, ನಾವು ಮೀನಿಗೆ ಹೋದಾಗ, ಅದು ಎದ್ದು ಬಂತಂತೆ. ಮೊದಲ ಸಲ ತೆಂಗಿನ ಬುಡಕ್ಕೆ ಬಂತಂತೆ, ಕುಪ್ಪಮ್ಮ ಕಾಯಿ ಒಡೆದು ಕೊಟ್ಳಂತೆ, ಹೋಯ್ತಂತೆ. ಎರಡನೇ ಸಲ ಕೋಳಿಗೂಡು ನುಂಗ್ತಂತೆ, ದೊಡ್ಡ ಸೊಸೆ ಕಿಟಕಿಯಿಂದಲೇ ಕಿವಿಯ ಬೆಂಡೋಲೆ ಎಸೆದಳಂತೆ, ಹೋಯ್ತಂತೆ. ಮೂರನೇ ಸಲ ಏನೂ ಕೇಳದೆ ಒಳಗೇ ಬಂತಂತೆ. ಹಿಂಬಾಗಿಲಾ? ಹಿಂಬಾಗಿಲಿಗೂ ಹೊಸ್ತಿಲಿದೆ ಜಾಣೆ. ನೀರು ಮೊಣಕಾಲಿಗಂತೆ, ಆಮೇಲೆ ಸೊಂಟಕ್ಕಂತೆ, ನಡು ಸೊಸೆ ನಿನ್ನಪ್ಪನ್ನ ತಲೆ ಮೇಲೆ ಹೊತ್ತು ನಿಂತಳಂತೆ, ಆದ್ರೂ ಒಬ್ಬಳೂ ಕಾಲು ಹೊರಗಿಡ್ಲಿಲ್ಲವಂತೆ. ಯೋಚನೆ ಮಾಡು ಮಗಾ, ಬಾಗಿಲು ತೆಗೆದೇ ಇತ್ತು. ನನ್ನ ಮಕ್ಕಳ ಜೀವ ನಿಮ್ಮ ಪಾದದಲ್ಲಿದೆ ಅಂತ ಕುಪ್ಪಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ.

ಆಗ ಕಿರಿ ಸೊಸೆ ಮಾಸ್ತಮ್ಮ, ಅವಳೇ, ಒಳಗೆ ಗೊರಕೆ ಹೊಡೀತಿದಾಳಲ್ಲ ನಿನ್ನಜ್ಜಿ, ಮೂಲೆಯ ಹಾರೆ ಎತ್ತಿದಳಂತೆ.

"ಅತ್ತೆ, ಕಡಲೇ ದಾಟಿ ಒಳಗೆ ಬಂತು. ನಾವು ದಾಟಬಾರದು ಅಂತ ತಾನೆ ನೀವು ಹೇಳೋದು? ದಾಟಲ್ಲ. ಕೀಳ್ತೇನೆ."

ಗೋಡೆಯ ಮಣ್ಣು ಮೊದಲೇ ಕರಗಿತ್ತು. ಹಲಸಿನ ಹೊಸ್ತಿಲು, ನನ್ನ ತೊಡೆಯಷ್ಟು ದಪ್ಪ, ಕಿತ್ತು ಮೇಲೆ ಬಂತಂತೆ, ತೇಲಿತಂತೆ. ಅದರ ಮೇಲೆ ನಿನ್ನಪ್ಪನ್ನ ಸೀರೆಯಿಂದ ಬಿಗಿದು, ಅತ್ತೆ ಸೊಸೆಯರು ನಾಲ್ವರೂ ಅದನ್ನೇ ಹಿಡ್ಕೊಂಡು ಗುಡ್ಡೆ ಮುಟ್ಟಿದ್ರಂತೆ. ಹಿಂದೆ ತಿರುಗಿದ್ರೆ ಮನೆ ಇಲ್ಲವಂತೆ.

ನಾವೆಲ್ಲಿದ್ವಿ ಅಂತೀಯಾ? ಗಾಳಿ ಬರ್ತದೆ ಅಂತ ದೋಣಿಯ ವೈರ್‌ಲೆಸ್ಸಲ್ಲಿ ಹಿಂದಿನ ದಿನವೇ ಹೇಳಿದ್ರು. ನಾವು ದೂರದ ಬಂದರು ಹೊಕ್ಕು, ಒಣ ಕಂಬಳಿ ಹೊದ್ದು ಚಾ ಕುಡೀತಿದ್ವಿ. ಹೆಂಗಸರು ಮನೇಲಿದ್ದಾರೆ, ಅವರಿಗೇನು ಭಯ ಅಂತ ನಾನೇ ಅಂದಿದ್ದೆ. ಕಡಲಿಗೆ ಹೋದವರು ನೆಲದ ಮೇಲೆ, ಮನೇಲಿದ್ದವರು ಕಡಲಲ್ಲಿ. ಅವರಿಗೆ ಹೇಳೋರು ಒಬ್ಬರೂ ಇರ್ಲಿಲ್ಲ.

ಆಮೇಲೆ ಬಂದು ನೋಡ್ತೇವೆ, ಗುಡ್ಡೆ ಮೇಲೆ ಬೆಂಕಿ, ಸುತ್ತ ಹೆಂಗಸರು. ಹೊಸ್ತಿಲು ದಾಟಿದವಳು ಯಾರು ಅಂತ ದೊಡ್ಡಣ್ಣ ಗುಡುಗಿದ. ನಿನ್ನಜ್ಜಿ ಕದಲ್ಲಿಲ್ಲ. "ಯಾರೂ ದಾಟಿಲ್ಲ ಭಾವ. ನೋಡಿ, ಅದರ ಮೇಲೇ ಕೂತಿದ್ದೇವೆ." ಹೊಸ್ತಿಲ ಮೇಲೆ ಕೂರಬಾರದು ಅಂತ ಕುಪ್ಪಮ್ಮ ಬೈದಾಳು ಅಂತ ನೋಡಿದ್ರೆ, ಅವಳೂ ಅಲ್ಲೇ ಕೂತಿದ್ಲು.

ಆಮೇಲೆ ಗುಡ್ಡೆ ಮೇಲೆ ಈ ಮನೆ ಕಟ್ಟಿದ್ವಿ. ಹೊಸ್ತಿಲಿಲ್ಲ, ನೋಡಿದ್ದೀಯಲ್ಲ. ಗೋಡೇಲಿ ರೇಡಿಯೋ ಇದೆ, ಮೊದಲು ಕೇಳೋದು ನಿನ್ನಜ್ಜಿ, ಅವಳು ಹೂಂ ಅಂದ ಮೇಲೇ ದೋಣಿ ನೀರಿಗೆ. ಎಲ್ಲರೂ ಸುಖವಾಗಿದ್ದೇವೆ. ಕತೆ ದಡ ಹತ್ತಿತು, ಕಣ್ಣು ಮುಚ್ಚು.

ನನ್ನ ನಷ್ಟ ಮಾತ್ರ ಯಾರೂ ಕೇಳಲ್ಲ. ನಿನ್ನಜ್ಜಿಗೆ ಗೊತ್ತಾಗದ ಹಾಗೆ ಡಬ್ಬೀಲಿ ಹಾಕಿ ಆ ಹೊಸ್ತಿಲ ಕೆಳಗೇ ಹುಗಿದಿಟ್ಟಿದ್ದೆ ಮಗಾ, ಒಂಬೈನೂರ ಎಪ್ಪತ್ಮೂರು ರೂಪಾಯಿ.