ಗುದ್ದಲಿಗೆ ಸಿಕ್ಕ ಕೆರೆ

ಅದೇನೋ ಅಂತಾರಲ್ಲ ಸುಮಿ, ಹೊಲಿಗೆ ದಾರದ ಹೆಸರೇ ಅದಕ್ಕೂ... ಉಂಡೆಯಲ್ಲ, ಹಾಂ, ರೀಲು! ಫೋನಿನಲ್ಲಿ ಬರುವ ಸಣ್ಣ ವಿಡಿಯೊ.

ನಾನು ಹುಟ್ಟಿದ ಧಾರವಾಡ ಸೀಮೆಯಲ್ಲಿ ಸೈಟು ಮಾರುವ ಚನ್ನವೀರಪ್ಪ ತನ್ನ ಗುಮಾಸ್ತೆ ಜಯಶೀಲಾಳನ್ನು ಕರೆದ.

"ಮಂದಿ ನನ್ನ ಸೈಟ್ ಅಂದ್ರ ಸಂಶಯ ಪಡ್ತಾರ. ನಂಬೋಹಂಗ ಒಂದು ರೀಲ್ ಬಿಡು. ಇಲ್ಲಾಂದ್ರ ನಾಳೆ ಕೆಲಸಕ್ಕ ಬರಬ್ಯಾಡ."

ಆ ಸೈಟು ಮುಚ್ಚಿದ ಕೆರೆಯ ಮೇಲಿದೆಯೆಂದು ಅವಳಿಗೂ ಸಂಶಯವಿತ್ತು.

"ರೀಲ್ ಬಿಡೋದು ನಿಮಗ ಛಲೋ ಬರ್ತದ ಸಾಹೇಬ್ರ, ನಾ ಬರೇ ತೆಗೀತೀನಿ. ನೀವ ಗುದ್ದಲಿ ಪೂಜೆ ಮಾಡ್ರಿ. ಮಂದಿ ಲೈವ್ ನೋಡ್ಲಿ."

ಚನ್ನವೀರಪ್ಪ ಹಿಗ್ಗಿದ. ಸೈಟಿನಲ್ಲಿ ಅವಳು ಫೋನು ಹಿಡಿದು ನಿಂತಾಗ ಕಾಯಿ ಒಡೆದು, "ಗಟ್ಟಿ ನೆಲ, ನೋಡ್ರಿ!" ಎಂದು ಗುದ್ದಲಿ ಹಾಕಿದ. ಎರಡನೇ ಏಟಿಗೆ ಕಪ್ಪು ಕೆಸರು ಉಕ್ಕಿತು. ಮೂರನೆಯದಕ್ಕೆ ಏಡಿಯೊಂದು ಹೊರಬಂದು ಅವನ ಧೋತರದ ಚುಂಗು ಹಿಡಿಯಿತು.

"ನಿಲ್ಲಸ! ನಿಲ್ಲಸ!"

"ಯಾಕ್ರಿ ಸಾಹೇಬ್ರ? ಸಾವಿರ ಮಂದಿ ನೋಡಾಕತ್ತಾರ. ಈಗ ಎಲ್ಲಾರೂ ನಂಬ್ಯಾರ."

ಅವಳನ್ನು ಕೆಲಸದಿಂದ ತೆಗೆಯುವ ಮಾತು ಅವನ ಬಾಯಿಗೆ ಬರಲಿಲ್ಲ. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು, ಲೈವ್ ನಡೆದೇ ಇತ್ತು.

ಸುಮಿ, ಇದನ್ನು ಬರೆದಿಡವ್ವಾ. ಅಜ್ಜಿ ರೀಲು ಬಿಟ್ಟಳು ಅಂತ ಮಾತ್ರ ಬರೆಯಬೇಡ.