ಬೆಕ್ಕಿನ ಕಾಲಿಗೆ ಗಂಜಿ

ಬೆಕ್ಕಿನ ಕಾಲಿಗೆ ಪೆಟ್ಟಾಗಿ ಎರಡು ದಿನ ಕಳೆದರೂ ಯಾರೂ ಅದನ್ನು ಆಸ್ಪತ್ರೆಗೆ ಒಯ್ಯಲಿಲ್ಲ. ತಪ್ಪು ಇದು. ಓಣಿಯವರು ಮಾತ್ರ ಇಂದಿಗೂ ಬನಪ್ಪನ ಪೆದ್ದುತನ ಹೇಳಿಕೊಂಡು ನಗುತ್ತಾರೆ. ನಗುವವರು ಪೂರ್ತಿ ಕತೆ ಕೇಳಲಿ.

ನೇಕಾರರ ಓಣಿಯಲ್ಲಿ ಚೌಡವ್ವ ಅಂತ ಒಬ್ಬಳು. ಅವಳಿಗೆ ಒಂದು ಮಗ್ಗ, ಒಬ್ಬ ಮಗ, ಒಂದು ಬೆಕ್ಕು. ಮಗ್ಗ ಅನ್ನ ಕೊಡುತ್ತಿತ್ತು. ಬೆಕ್ಕು ಇಲಿ ಹಿಡಿದು ನೂಲು ಕಾಯುತ್ತಿತ್ತು. ಮಗ ಬನಪ್ಪ, ಮೂವತ್ತು ದಾಟಿದವನು, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಚೌಡವ್ವನ ಗೋಳೆಲ್ಲ ಅದೇ.

ಒಂದು ದಿನ ಬೆಕ್ಕು ಅಟ್ಟದಿಂದ ಜಿಗಿದು ಹಿಂಗಾಲು ನೋಯಿಸಿಕೊಂಡಿತು. ಕಾಲು ಊರದೆ ಕುಂಟುತ್ತ ಬಂದು ನೂಲಿನ ಬುಟ್ಟಿಯ ಪಕ್ಕ ಬಿದ್ದುಕೊಂಡಿತು. ಚೌಡವ್ವನಿಗೆ ಎದ್ದು ನೋಡಬೇಕೆನಿಸಿತು. ಆದರೆ ಶುಕ್ರವಾರಕ್ಕೆ ಸೀರೆ ಮುಗಿಯಬೇಕಿತ್ತು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ, ಬೆಕ್ಕಿನ ಕಾಲು ಬಾಗದ ಹಾಗೆ ಗಟ್ಟಿ ಮಾಡು ಅಂತ ಮಗನಿಗೆ ಹೇಳಿದಳು.

ಬನಪ್ಪ ಯೋಚಿಸಿದ. ಆ ಮನೆಯಲ್ಲಿ ಮೆತ್ತಗಿದ್ದದ್ದನ್ನು ಗಟ್ಟಿ ಮಾಡುವ ದಾರಿ ಒಂದೇ. ನೂಲಿಗೆ ಕಾಸುವ ಹಾಗೆ ಗಂಜಿ ಕಾಸಿದ, ಆರಿಸಿದ, ಬೆಕ್ಕಿನ ಕಾಲಿಗೆ ಬಳಿದ, ಕುಂಚದಿಂದ ತೀಡಿದ, ಓಣಿಯ ಬಿಸಿಲಿಗೆ ಇಟ್ಟ. ಅರ್ಧ ಗಂಜಿಯನ್ನು ಬೆಕ್ಕು ನೆಕ್ಕಿತು. ಉಳಿದರ್ಧ ಒಣಗಿ ಕೂದಲೆಲ್ಲ ಮುಳ್ಳಾಯಿತು.

"ಬೆಕ್ಕನ್ನ ನೇಯಬೇಕಂತ ಮಾಡೀಯೇನೋ?" ಚೌಡವ್ವ ಕೂತಲ್ಲಿಂದಲೇ ಬೈದಳು. "ನೊಂದ ಬೆಕ್ಕನ್ನ ಹಂಗs ಎತ್ಕೊಂಡು ಬಿಸಿಲಿಗೆ ಅಡ್ಡಾಡಿಸಬಾರದು. ಗಾಳಿ ಆಡಾಕ ಡಬ್ಬಿಗೆ ನಾಕು ತೂತು ಮಾಡಿ, ಮೆತ್ತನೆ ಅರಿವಿ ಹಾಸಿ, ಅದರಾಗ ಇಟ್ಟು, ಅಲುಗಾಡಿಸದ ಹೊತ್ಕೊಂಡು ಬರಬೇಕಪ್ಪಾ."

"ಆತು ಯವ್ವಾ, ಇನ್ನ ಮುಂದ ಹಂಗs ಮಾಡ್ತೀನಿ."

ಮರುದಿನ ಬೆಕ್ಕಿಗೆ ಹಾಲು ತಾ ಅಂತ ಪಕ್ಕದ ಸಾವಂತ್ರವ್ವನ ಮನೆಗೆ ಕಳಿಸಿದಳು. ಬನಪ್ಪ ಡಬ್ಬಿಗೆ ನಾಕು ತೂತು ಮಾಡಿದ, ಬಟ್ಟೆ ಹಾಸಿದ, ಅದರಲ್ಲಿ ಹಾಲು ಹೊಯ್ಯಿಸಿಕೊಂಡ. ಸಾವಂತ್ರವ್ವ ಬೇಡ ಅನ್ನಲಿಲ್ಲ. ನಗು ತಡೆದುಕೊಂಡು ಹೊಯ್ದಳು. ಬನಪ್ಪ ಅಲುಗಾಡಿಸದೆ ತಂದ. ಮನೆ ಮುಟ್ಟಿದಾಗ ಒದ್ದೆ ಬಟ್ಟೆ ಮಾತ್ರ ಉಳಿದಿತ್ತು.

ಚೌಡವ್ವ ಮತ್ತೆ ಕೂತಲ್ಲಿಂದಲೇ ಬೈದಳು. ತೂತಿಲ್ಲದ ಕೊಡದಲ್ಲಿ ಹಾಕಬೇಕಿತ್ತು, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕಿತ್ತು, ಒಂದು ಹನಿ ಹೊರಗೆ ಬರಬಾರದಿತ್ತು ಅಂದಳು. ಬನಪ್ಪ ಆತು ಯವ್ವಾ ಅಂದ.

ಮೂರನೆಯ ದಿನ ಬೆಕ್ಕಿನ ಕಾಲು ಊದಿತು. ದನದ ಆಸ್ಪತ್ರೆಗೆ ಒಯ್ಯಿ ಅಂದಳು, ಕುಣಿಯಿಂದಲೇ. ಬನಪ್ಪ ತೂತಿಲ್ಲದ ತಾಮ್ರದ ಕೊಡ ತಂದ. ಬೆಕ್ಕನ್ನು ತುರುಕಿದ. ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ. ಕೊಡ ಒಳಗಿನಿಂದ ಕಿರುಚಿತು. ಆಮೇಲೆ ಕಿರುಚುವುದೂ ನಿಂತಿತು.

ಆಗ ಚೌಡವ್ವ ಎದ್ದಳು. ಮೂರು ದಿನದಲ್ಲಿ ಬೆಕ್ಕಿಗಾಗಿ ಮೊದಲ ಸಲ ಎದ್ದಳು. ಓಡಿಬಂದು ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಬದುಕಿತ್ತು. ಅವಳೇ ಡಬ್ಬಿಯಲ್ಲಿಟ್ಟುಕೊಂಡು ಆಸ್ಪತ್ರೆಗೆ ನಡೆದಳು.

ಡಾಕ್ಟರು ನೋಡಿ, ಎಲುಬು ಸರಿಯಾಗಿದೆ, ಉಳುಕಿದೆ ಅಂದರು. ಕಾಲು ಎಳೆಯಬೇಡಿ, ನೀವಾಗಿ ಏನನ್ನೂ ಹಚ್ಚಬೇಡಿ, ಮನುಷ್ಯರ ನೋವಿನ ಗುಳಿಗೆ ಕೊಟ್ಟರೆ ಬೆಕ್ಕು ಸಾಯುತ್ತದೆ, ಮೂರು ವಾರ ಜಿಗಿಯಲು ಬಿಡಬೇಡಿ ಅಂದರು. ಮೊದಲ ದಿನವೇ ಯಾಕೆ ತರಲಿಲ್ಲ ಅಂತಲೂ ಕೇಳಿದರು. ಚೌಡವ್ವ ಬೆಕ್ಕನ್ನು ಡಬ್ಬಿಗೆ ಇಳಿಸಿ ಎತ್ತಿಕೊಂಡಳು.

ಮನೆಗೆ ಬಂದವಳು ಬೆಕ್ಕನ್ನು ಮೂಲೆಯಲ್ಲಿ ಮಲಗಿಸಿ, ಮೂರು ವಾರ ಬೆಕ್ಕಿನ ಕೆಲಸ ನೀನೇ ನೋಡಿಕೋ ಅಂತ ಮಗನಿಗೆ ಹೇಳಿ ಮತ್ತೆ ಕುಣಿಗಿಳಿದಳು.

ಬನಪ್ಪ ನೂಲಿನ ಬುಟ್ಟಿಯ ಪಕ್ಕ ಮುದುರಿ ಕೂತ. ಮಧ್ಯಾಹ್ನದವರೆಗೆ ಒಂದು ಇಲಿಯೂ ಬರಲಿಲ್ಲ. ಆಮೇಲೆ ಸಾವಂತ್ರವ್ವನ ಅಡುಗೆಮನೆಗೆ ನುಗ್ಗಿದ, ನೆಲುವಿನಲ್ಲಿ ತೂಗುಹಾಕಿದ್ದ ಹಾಲು ಕುಡಿದ, ಅಟ್ಟ ಹತ್ತಿದ. ಅವಳು ಕಸಬರಿಗೆ ಎತ್ತಿದಳು. ಬನಪ್ಪ ಅಟ್ಟದಿಂದ ಜಿಗಿದ. ಕಾಲು ಊರದೆ ಕುಂಟುತ್ತ ಬಂದು ಬೆಕ್ಕಿನ ಪಕ್ಕ ಬಿದ್ದುಕೊಂಡ. ಅವ್ವನ ಮುಖ ನೋಡಿದ.

"ಯವ್ವಾ, ಗಂಜಿ ನಾನs ಕಾಸಲೇನು?"

ಚೌಡವ್ವ ಈ ಸಲ ಮಗ್ಗ ನಿಲ್ಲಿಸಿದಳು. ಎದ್ದಳು.

ನಿಮ್ಮ ಮನೆಯ ಮೂಲೆಯಲ್ಲೂ ಒಂದು ಜೀವ ಕುಂಟುತ್ತಿರಬಹುದು. ಕೂತಲ್ಲಿಂದ ಇನ್ನೊಬ್ಬರಿಗೆ ಹೇಳಬೇಡಿ. ಏಳಿ. ಡಬ್ಬಿ ತನ್ನಿ. ಈಗಲೇ ಆಸ್ಪತ್ರೆಗೆ ನಡೆಯಿರಿ.